ತಾತನ ಕಾಲು, ಮೊಮ್ಮಗನ ಪರೀಕ್ಷೆ

ಸ್ವಲ್ಪ ಉದ್ದದ ಪೋಸ್ಟ್, ಪುರುಸೊತ್ತು ಮಾಡ್ಕೊಂಡು ಓದಿ. ಕೊನೇಲಿ ಒಂದು ಸಹಾಯ ಕೇಳೋದಿದೆ.

ಮೂರು ಭಾನುವಾರದಿಂದ ನಮ್ಮನೆ ನಡುಮನೆಯಲ್ಲಿ ಒಂದು ಆಟ ನಡೀತಿದೆ. ಎಪ್ಪತ್ತೆಂಟು ವರ್ಷದ ನಮ್ಮಪ್ಪ ಚಾಪೆ ಮೇಲೆ ಅಂಗಾತ ಮಲಗ್ತಾರೆ. ಅಕ್ಕನ ಮಗ ಪಕ್ಕದಲ್ಲಿ ಮಂಡಿಯೂರಿ ಕೂತು, ಅಕ್ಕ ಗಾರ್ಮೆಂಟ್ಸಿಗೆ ಹೋಗ್ತಿದ್ದ ಕಾಲದ ಟೇಪು ಹಿಡಿದು, ಸೊಂಟದ ಮುಂದಿನ ಮೂಳೆಯಿಂದ ಕಾಲು ಹರಡಿನ ಒಳಗಂಟಿನ ತನಕ ಅಳೀತಾನೆ. ಎಡಗಾಲಿಗಿಂತ ಬಲಗಾಲು ಐದು ಸೆಂಟಿಮೀಟರ್ ಕಮ್ಮಿ. ಆಮೇಲೆ ಎದ್ದು ನಿಂತು, ಗೋಡೆ ಮೇಲಿರೋ ಬಾಬಾಸಾಹೇಬರ ಫೋಟೋನೇ ಎಗ್ಸಾಮಿನರ್ ಅಂದ್ಕೊಂಡು ಇಂಗ್ಲಿಷಲ್ಲಿ ಕೇಸು ಒಪ್ಪಿಸ್ತಾನೆ. ಹೆಸರು, ವಯಸ್ಸು, ಊರು, ಕೆಲಸ. ಕೆಲಸ ಅನ್ನೋ ಕಡೆ ‘ಮ್ಯಾನ್ಯುಯಲ್ ಲೇಬರರ್’ ಅಂದ.

‘ಏನಂದ್ಯೋ?’ ಅಂದ್ರು ಅಪ್ಪ.

‘ಕೂಲಿ ಅಂದೆ ತಾತ.’

‘ಹಂಗೇ ಹೇಳು ಮತ್ತೆ.’

ಹುಡುಗ ಎಂಎಸ್ ಆರ್ಥೋ ಕೊನೇ ಪರೀಕ್ಷೆಗೆ ಕೂತಿದ್ದಾನೆ. ನೀಟ್ ಪಿಜಿ ಎರಡನೇ ಸಲ ಬರೆದು, ಸರ್ಕಾರಿ ಸೀಟು ತಗೊಂಡು, ಮೂರು ವರ್ಷ ಮುಗಿಸ್ತಾ ಬಂದ. ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲನೆಯವನು ನಾನು, ಬಿಎ ಮಾಡಿ ಗುಮಾಸ್ತನಾದೆ. ಅವನು ಡಾಕ್ಟರಾಗಿ, ಈಗ ಮೂಳೆ ಸರ್ಜನ್ ಆಗೋ ಹೊಸ್ತಿಲಲ್ಲಿದ್ದಾನೆ.

ಮೂಳೆ ನಮಗೆ ಹೊಸದೇನಲ್ಲ. ಅವನು ಎಂಬಿಬಿಎಸ್ ಮೊದಲನೇ ವರ್ಷದಲ್ಲಿ ಬೋನ್ ಸೆಟ್ ಡಬ್ಬ ಮನೆಗೆ ತಂದಾಗ ಅಕ್ಕಪಕ್ಕದವರು ಬೆಚ್ಚಿದ್ರು. ಅಪ್ಪ ಮಾತ್ರ ತೊಡೆ ಮೂಳೆ ಕೈಗೆತ್ಕೊಂಡು ತಿರುಗಿಸಿ ನೋಡಿ, ‘ನಮ್ಮಪ್ಪ ಸತ್ತ ದನದ ಕೀಲು ಕೀಲು ಬಿಡಿಸ್ತಿದ್ದ. ನಾವು ಮೂಳೆ ಆಯ್ದು ಮಿಲ್ಲಿಗೆ ಹಾಕಿ ಉಪ್ಪು ಮೆಣಸಿನಕಾಯಿ ತರ್ತಿದ್ವಿ. ನಿಂಗೆ ಇದಕ್ಕೆ ಮಾರ್ಕ್ಸ್ ಕೊಡ್ತಾರಾ?’ ಅಂದಿದ್ರು.

ಅಪ್ಪನ ಕಾಲಿನ ಕತೆ ಹೇಳ್ಬೇಕು. 1989, ನಂಗೆ ಹತ್ತು ವರ್ಷ. ತುಮಕೂರು ಕಡೆ ನಮ್ಮೂರಲ್ಲಿ ದೊಡ್ಡ ಮನೆಯವರ ಮರ ಹತ್ತಿ ಹುಣಸೆಹಣ್ಣು ಬಡೀತಿದ್ದ ಅಪ್ಪ ಕೊಂಬೆ ಸಮೇತ ಬಿದ್ರು. ಬಲತೊಡೆ ಮುರೀತು. ತಾಲ್ಲೂಕು ಆಸ್ಪತ್ರೆಗೆ ಸಾಗಿಸೋಕೆ ಗಾಡಿ ಕೊಡೋರಿಲ್ಲ. ಪಕ್ಕದೂರಿನ ಮೂಳೆ ಕಟ್ಟೋರಿಗೆ ಹೇಳಿ ಕಳಿಸಿದ್ವಿ. ಬರಲಿಲ್ಲ ಅಂತ ಸುಳ್ಳು ಹೇಳಲ್ಲ, ಬಂದ್ರು. ಕೇರಿಯೊಳಕ್ಕೆ ಬರಲಿಲ್ಲ, ಅಷ್ಟೆ. ಅಪ್ಪನ್ನ ಕಂಬಳಿಯಲ್ಲಿ ಹೊತ್ಕೊಂಡು ಕೇರಿ ಅಂಚಿಗೆ ತಂದು ಮಲಗಿಸಿದ್ವಿ. ಅವರು ನಾಲ್ಕು ಮಾರು ದೂರ ನಿಂತು, ಕೈಲಿದ್ದ ಕೋಲು ತೋರಿಸಿ, ಅಲ್ಲಿ ಹಿಡಿ, ಹಿಂಗೆ ಎಳಿ, ಸಾಕು, ಕಟ್ಟು ಅಂತ ಹೇಳ್ತಾ ಹೋದ್ರು. ಎಳೆದಿದ್ದು ನಮ್ಮ ಚಿಕ್ಕಪ್ಪ. ಬಿದಿರು ದಬ್ಬೆ ಇಟ್ಟು ಕಟ್ಟಿದ್ದೂ ಚಿಕ್ಕಪ್ಪನೇ. ದುಡ್ಡನ್ನ ನೆಲದ ಮೇಲಿಟ್ವಿ, ಎತ್ಕೊಂಡು ಹೋದ್ರು. ಅಪ್ಪನ ಕೂಗು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಮೂಳೆ ಕೂಡಿತು, ಆದ್ರೆ ಸೊಟ್ಟಗೆ, ಒಂದರ ಮೇಲೊಂದು ಏರಿ ಕೂಡಿತು. ಅವತ್ತಿಂದ ಅಪ್ಪ ಕುಂಟ್ತಾರೆ.

ಆರ್ಥೋದಲ್ಲಿ ಕೇಸು ಒಪ್ಪಿಸುವಾಗ ‘ನೇಟಿವ್ ಟ್ರೀಟ್‌ಮೆಂಟ್ ಆಗಿತ್ತಾ’ ಅಂತ ಒಂದು ಪ್ರಶ್ನೆ ಇದ್ದೇ ಇರುತ್ತಂತೆ. ಹೋದ ಭಾನುವಾರ ಹುಡುಗ ಅದನ್ನ ಕೇಳಿದ. ‘ತಾತ, ಕಟ್ಟೋಕೆ ಮುಂಚೆ ಅವರು ಮುಟ್ಟಿ ನೋಡಿದ್ರಾ?’ ಅಪ್ಪ ನಕ್ಕುಬಿಟ್ರು. ಆಮೇಲೆ ಎಲ್ಲಾ ಹೇಳಿದ್ರು. ಇಷ್ಟು ವರ್ಷ ಅವನಿಗೆ ಮರದಿಂದ ಬಿದ್ದಿದ್ದು ಮಾತ್ರ ಗೊತ್ತಿತ್ತು. ಟೇಪು ಕೈಲಿ ಹಿಡಿದು ಸುಮಾರು ಹೊತ್ತು ಸುಮ್ನೆ ಕೂತಿದ್ದ.

ಯಾಕಂದ್ರೆ ಅವನು ಮೂರು ವರ್ಷದಿಂದ ಬಾಯಿಪಾಠ ಮಾಡಿರೋ ಮೊದಲ ಪಾಠವೇ ಅದು. ಏಪ್ಲಿ ಅನ್ನೋರ ಪುಸ್ತಕದ ಪ್ರಕಾರ ಮೂಳೆ ಡಾಕ್ಟರು ಮಾಡಬೇಕಾದ್ದು ಮೂರು. ನೋಡು, ಮುಟ್ಟು, ಆಡಿಸು. ಮುಟ್ಟೋದಕ್ಕೂ ಕ್ರಮ ಇದೆ. ರೋಗಿಯನ್ನ ಕೇಳಿ ಮುಟ್ಟಬೇಕು. ಮುಟ್ಟುವಾಗ ಕಣ್ಣು ರೋಗಿಯ ಮುಖದ ಮೇಲಿರಬೇಕು, ನೋವಾದ್ರೆ ಮುಖ ಹೇಳುತ್ತೆ. ಇದನ್ನ ಸರಿಯಾಗಿ ಮಾಡದಿದ್ರೆ ಎಗ್ಸಾಮಿನರ್ ಅಲ್ಲೇ ಮಾರ್ಕ್ಸ್ ಕಳೀತಾರೆ.

ಸೊಂಟದ ಕೀಲು ಮಡಚಿ ನೋಡೋ ಪರೀಕ್ಷೆಗೆ ಥಾಮಸ್ ಟೆಸ್ಟ್ ಅಂತ ಹೆಸರು. ತೊಡೆ ಮುರಿದೋರಿಗೆ ಹಾಕೋ ಕಬ್ಬಿಣದ ಚೌಕಟ್ಟಿಗೂ ಅದೇ ಥಾಮಸ್ ಹೆಸರು. ಈ ಹ್ಯೂ ಓವೆನ್ ಥಾಮಸ್ ಯಾರು ಗೊತ್ತಾ? 1834ರಲ್ಲಿ ವೇಲ್ಸ್ ದೇಶದಲ್ಲಿ ಹುಟ್ಟಿದವನು. ಅವರ ಮನೆತನವೇ ನಾಟಿ ಮೂಳೆ ಕಟ್ಟೋರದ್ದು. ಅಪ್ಪ ಡಿಗ್ರಿ ಇಲ್ಲದೆ ಲಿವರ್‌ಪೂಲ್‌ನಲ್ಲಿ ಮೂಳೆ ಕಟ್ತಿದ್ದ, ಮಗ ಓದಿ ಡಾಕ್ಟರಾದ. ಅವನು ಮಾಡಿದ ಚೌಕಟ್ಟನ್ನ ಅವನ ಹೆಂಡತಿ ಕಡೆಯ ಹುಡುಗ ರಾಬರ್ಟ್ ಜೋನ್ಸ್ ಮೊದಲ ಮಹಾಯುದ್ಧದಲ್ಲಿ ಬಳಕೆಗೆ ತಂದ. ತೊಡೆ ಮುರಿದ ಎಷ್ಟೋ ಸೈನಿಕರು ಅದರಿಂದ ಬದುಕಿದ್ರು. ನಾಟಿ ವೈದ್ಯದ ಮನೆಯಿಂದ ಒಂದು ಶಾಸ್ತ್ರವೇ ಬೆಳೀಬಹುದು. ಅದಕ್ಕೆ ಮುರಿದವನ ಮೈ ಮುಟ್ಟಬೇಕಲ್ಲ.

ಪರೀಕ್ಷೆ ವಿಷಯಕ್ಕೆ ಬರ್ತೀನಿ. ಥಿಯರಿ ನಾಲ್ಕು ಪೇಪರ್, ಒಂದೊಂದಕ್ಕೆ ಮೂರು ಗಂಟೆ. ‘ಅದಕ್ಕೆ ಭಯ ಇಲ್ಲ ಮಾವ, ಅಲ್ಲಿ ಇರೋದು ರಿಜಿಸ್ಟರ್ ನಂಬರ್ ಮಾತ್ರ’ ಅಂತಾನೆ. ಭಯ ಇರೋದು ಪ್ರಾಕ್ಟಿಕಲ್‌ಗೆ. ಒಂದು ದೊಡ್ಡ ಕೇಸು, ಕೆಲವು ಸಣ್ಣ ಕೇಸು, ಆಮೇಲೆ ಟೇಬಲ್ ವೈವಾ. ಮೂಳೆ ಕೈಗೆ ಕೊಟ್ಟು ಎಡವೋ ಬಲವೋ ಕೇಳ್ತಾರೆ, ಎಕ್ಸ್‌ರೇ ತೋರಿಸ್ತಾರೆ, ಪ್ಲೇಟು ಸ್ಕ್ರೂ ರಾಡು ಮುಂದಿಟ್ಟು ಕೇಳ್ತಾರೆ. ಎದುರಿಗೆ ನಾಲ್ವರು ಎಗ್ಸಾಮಿನರ್‌ಗಳು. ಅಲ್ಲಿ ನಂಬರ್ ಕಾಣಲ್ಲ. ಮುಖ ಕಾಣುತ್ತೆ, ಹೆಸರು ಕಾಣುತ್ತೆ, ಇಂಗ್ಲಿಷ್ ತಡವರಿಸೋದು ಕೇಳುತ್ತೆ. 2007ರಲ್ಲಿ ಪ್ರೊ. ಸುಖದೇವ್ ಥೋರಟ್ ಸಮಿತಿ ದೆಹಲಿಯ ಏಮ್ಸ್ ಬಗ್ಗೆ ವರದಿ ಕೊಟ್ಟಾಗಲೂ ನಮ್ಮ ಮಕ್ಕಳು ಇದೇ ಪ್ರಾಕ್ಟಿಕಲ್, ವೈವಾ ವಿಷಯವನ್ನೇ ಹೇಳ್ಕೊಂಡಿದ್ರು. ಅದೇ 2007ರವರೆಗೆ ಪಿಜಿ ಆಲ್ ಇಂಡಿಯಾ ಕೋಟಾದಲ್ಲಿ ನಮಗೆ ಮೀಸಲಾತಿಯೇ ಇರಲಿಲ್ಲ ಅನ್ನೋದನ್ನ ಎಷ್ಟು ಜನ ಮರೆತಿದ್ದೀವಿ!

ಇವನ ಕಡೆ ಏನಾಗಿದೆ? ದೊಡ್ಡದಾಗಿ ಯಾರೂ ಬೈದಿಲ್ಲ. ಸರಿಯಾದ ಉತ್ತರ ಕೊಟ್ಟ ದಿನ ‘ಪರವಾಗಿಲ್ವೇ, ನಿಮ್ಮ ಕೋಟಾದವರಲ್ಲಿ ಓದೋರೂ ಇದ್ದಾರೆ’ ಅನ್ನಿಸ್ಕೊಂಡಿದ್ದಾನೆ. ಜೊತೆಯವರಿಗೆ ಆಪರೇಷನ್ ಟೇಬಲ್, ಇವನಿಗೆ ಪ್ಲಾಸ್ಟರ್ ರೂಮು. ಸೀನಿಯರ್ ನೋಟ್ಸ್ ಒಂದು ಗುಂಪಲ್ಲೇ ಓಡಾಡುತ್ತೆ, ಇವನಿಗೆ ಕೊನೆಗೆ ಸಿಗುತ್ತೆ, ಅರ್ಧ ಸಿಗುತ್ತೆ. ಹಾಗಂತ ಪ್ಲಾಸ್ಟರ್ ರೂಮು ಪೂರ್ತಿ ನಷ್ಟ ಅಂತ ಅವನೇ ಒಪ್ಪಲ್ಲ. ಹುಟ್ಟುವಾಗ್ಲೇ ಪಾದ ಒಳಕ್ಕೆ ತಿರುಚಿರೋ ಕೂಸುಗಳಿಗೆ ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಂದು ಪಟ್ಟು ಹಾಕ್ತಾ ಹಾಕ್ತಾ ಪಾದ ತಿರುಗಿಸ್ಬೇಕು. ಅದರಲ್ಲಿ ಅವನ ಕೈ ಪಳಗಿದೆ. ತಾಯಂದಿರು ಅವನನ್ನೇ ಹುಡುಕ್ಕೊಂಡು ಬರ್ತಾರಂತೆ.

ಮೆರಿಟ್ ಅನ್ನೋರಿಗೆ ಒಂದೇ ಮಾತು. 2023ರ ಸೆಪ್ಟೆಂಬರ್‌ನಲ್ಲಿ ನೀಟ್ ಪಿಜಿ ಕಟಾಫನ್ನ ಎಲ್ಲಾ ವರ್ಗಕ್ಕೂ ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದ್ರು, ಸೀಟು ಖಾಲಿ ಉಳೀಬಾರದು ಅಂತ. ಅವತ್ತು ನಮ್ಮ ಆಫೀಸಿನ ಮೆರಿಟ್ ಭಕ್ತರು ಟೀ ಕುಡೀತಾ ಕ್ರಿಕೆಟ್ ಮಾತಾಡ್ತಿದ್ರು.

2019ರಲ್ಲಿ ಮುಂಬೈಯ ಡಾ. ಪಾಯಲ್ ತಡ್ವಿ ಸುದ್ದಿಯನ್ನ ಅಕ್ಕ ಟಿವಿಯಲ್ಲಿ ನೋಡಿದ್ಲು. ಮಗ ಪಿಜಿಗೆ ಸೇರಿದ ದಿನದಿಂದ ರಾತ್ರಿ ಎಷ್ಟೊತ್ತಾದ್ರೂ ಫೋನ್ ಮಾಡ್ತಾಳೆ. ಊಟ ಆಯ್ತಾ ಅಂತಷ್ಟೇ ಕೇಳ್ತಾಳೆ. ದನಿ ಕೇಳಿಸಿದ ಮೇಲೇ ಮಲಗೋದು.

ನಾನು ಬೀದಿಯಲ್ಲಿ ಮೈಕ್ ಹಿಡಿಯೋನು. ಇದನ್ನೆಲ್ಲಾ ಹೆಸರು ಸಮೇತ ಬರೆದು ದೂರು ಕೊಡೋಣ ಅಂದೆ. ‘ಬೇಡ ಮಾವ. ಎಗ್ಸಾಮ್ ಮುಗೀಲಿ. ನನ್ನ ಕೇಸು ನೋಡೋದು ಅವರೇ’ ಅಂದ. ಬೇರೆಯವರ ಮಕ್ಕಳಿಗೆ ಹೆದರಬೇಡಿ ಅಂತ ಭಾಷಣ ಮಾಡೋ ನಾನು ನಮ್ಮ ಹುಡುಗನ ವಿಷಯದಲ್ಲಿ ಸುಮ್ಮನಾದೆ. ಸರಿಯೋ ತಪ್ಪೋ, ಸುಮ್ಮನಾದೆ. ಅದಕ್ಕೇ ಇಲ್ಲಿ ಕಾಲೇಜಿನ ಹೆಸರಿಲ್ಲ, ಅವನ ಹೆಸರೂ ಇಲ್ಲ. ಈ ಪೋಸ್ಟನ್ನ ಅವನು ಓದಿ, ಎರಡು ಸಾಲು ತೆಗೆಸಿದ ಮೇಲೇ ಹಾಕ್ತಿರೋದು.

ಈಗ ಸಹಾಯ. ಪರೀಕ್ಷೆಗೆ ಇನ್ನು ಐದು ವಾರ. ನಮ್ಮವರಲ್ಲಿ ಎಂಎಸ್ ಆರ್ಥೋ, ಡಿಎನ್‌ಬಿ ಆರ್ಥೋ ಮುಗಿಸಿದ ಡಾಕ್ಟರ್‌ಗಳಿದ್ದರೆ, ರಾತ್ರಿ ಒಂದು ಗಂಟೆ ವಿಡಿಯೋ ಕಾಲ್‌ನಲ್ಲಿ ಅವನಿಗೆ ವೈವಾ ಮಾಡಿ. ಕಟುವಾಗೇ ಕೇಳಿ, ತಪ್ಪು ಹೇಳಿದ್ರೆ ಬೈರಿ. ಎಕ್ಸ್‌ರೇ ಮತ್ತು ಇಂಪ್ಲಾಂಟ್‌ನಲ್ಲಿ ಹಿಂದೆ ಇದ್ದಾನಂತೆ. ಕ್ಯಾಂಪ್‌ಬೆಲ್ ಪುಸ್ತಕದ ನಾಲ್ಕು ಸಂಪುಟದಲ್ಲಿ ಅವನ ಹತ್ರ ಎರಡೇ ಇವೆ, ಮೂರು ಮತ್ತು ನಾಲ್ಕು ಯಾರಾದ್ರೂ ಒಂದು ತಿಂಗಳ ಮಟ್ಟಿಗೆ ಕೊಟ್ರೆ ರಟ್ಟು ಹಾಕಿ ವಾಪಸ್ ಕೊಡೋ ಜವಾಬ್ದಾರಿ ನಂದು. ಇನ್‌ಬಾಕ್ಸಿಗೆ ಬನ್ನಿ.

ಅಪ್ಪ ತಾವೇ ಪರೀಕ್ಷೆಗೆ ರೋಗಿಯಾಗಿ ಬರ್ತೀನಿ ಅಂತ ಹಟ ಹಿಡಿದಿದ್ದಾರೆ. ಮನೆಯವರನ್ನ ಹಾಕಂಗಿಲ್ಲ ತಾತ ಅಂತ ಹುಡುಗ ಎಷ್ಟು ಹೇಳಿದ್ರೂ ಕೇಳ್ತಿಲ್ಲ. ಬಿಳಿ ಪಂಚೆ ಒಗೆಸಿ ಇಟ್ಕೊಂಡಿದ್ದಾರೆ.