ಮಂಡಿಯ ಹಿಂದೆ ಮಿಡಿಯುವ ಬಾವು

‘ಬೆಳೆಯೋ ಮಕ್ಕಳ ಕಾಲಲ್ಲಿ ಒಂದು ಗಂಟಿದ್ದರೆ ಏನಂತೆ?’ ಎಂದು ನೀವು ಕೇಳಬಹುದು. ನಿಜ ಸೋದರಿಯರೇ, ಬಹಳ ಸಲ ಏನೂ ಆಗುವುದಿಲ್ಲ. ಮಂಡಿಯ ಹತ್ತಿರ ಮೂಳೆಯಿಂದ ಮೊಳಕೆಯಂತೆ ಏಳುವ ಈ ಗಂಟಿಗೆ ವೈದ್ಯರು ಆಸ್ಟಿಯೋಕಾಂಡ್ರೋಮ ಎನ್ನುತ್ತಾರೆ. ಕ್ಯಾನ್ಸರ್ ಅಲ್ಲ. ಅದರ ತುದಿಗೆ ಮೃದ್ವಸ್ಥಿಯ ಟೋಪಿ. ಮೈ ಬೆಳೆಯುವಷ್ಟು ದಿನ ಬೆಳೆದು ಆಮೇಲೆ ನಿಂತುಬಿಡುತ್ತದೆ. ನನ್ನ ಮಗನಿಗೆ 13ನೇ ವಯಸ್ಸಿನಲ್ಲಿ ಕಾಣಿಸಿತು. ಎಕ್ಸ್‌ರೇ ನೋಡಿದ ವೈದ್ಯರು, ‘ತೊಂದರೆ ಕೊಡದಿದ್ದರೆ ತೆಗೆಸೋದೇನೂ ಬೇಡ, ಕಣ್ಣಿಟ್ಟಿರಿ’ ಅಂದರು. ಅದು ಸರಿಯಾದ ಮಾತೇ.

ಅವನಿಗೆ 19 ತುಂಬಿದ ವರ್ಷ ಮಂಡಿಯ ಹಿಂದೆ ಬಾವು ಕಾಣಿಸಿಕೊಂಡಿತು. ಎರಡು ವಾರದಲ್ಲಿ ನಿಂಬೆಹಣ್ಣಿನಷ್ಟಿದ್ದದ್ದು ಮೂಸಂಬಿಯಷ್ಟಾಯಿತು. ‘ಕುರು ಕಣಮ್ಮಾ, ಕೊಯ್ಯಿಸು’ ಅಂದರು ಅತ್ತೆ. ಪಕ್ಕದ ಮನೆಯಾಕೆ, ‘ಉಳುಕಿರಬೇಕು ಕಣ್ರೀ, ಹರಳೆಣ್ಣೆ ಬಿಸಿಮಾಡಿ ತಿಕ್ಕಿ’ ಅಂದರು. ಅಷ್ಟರಲ್ಲಿ ಮಗ, ‘ಅಮ್ಮಾ, ಒಳಗೆ ಡವಡವ ಅಂತಿದೆ’ ಅಂದ. ಕೈಯಿಟ್ಟು ನೋಡಿದೆ. ನಾಡಿಯಂತೆ ಮಿಡಿಯುತ್ತಿತ್ತು! ಕೊಯ್ಯುವುದೂ ಬೇಡ, ತಿಕ್ಕುವುದೂ ಬೇಡ ಎಂದು ಆಸ್ಪತ್ರೆಗೆ ಕರೆದೊಯ್ದೆವು.

ಡಾಪ್ಲರ್ ಸ್ಕ್ಯಾನ್‌ನಲ್ಲಿ ಕಾರಣ ತಿಳಿಯಿತು. ಪಾದಕ್ಕೆ ರಕ್ತ ಒಯ್ಯುವ ದೊಡ್ಡ ನಾಳ ಮಂಡಿಯ ಹಿಂದೆ ಮೂಳೆಗೆ ತೀರಾ ಹತ್ತಿರದಲ್ಲೇ ಹಾಯುತ್ತದೆ. ಬೆಳವಣಿಗೆ ಮುಗಿಯುತ್ತಾ ಬಂದಂತೆ ಗಂಟಿನ ಮೆತ್ತನೆಯ ಟೋಪಿ ಗಟ್ಟಿ ಮೂಳೆಯಾಗುತ್ತದೆ. ಅಂಚು ಚೂಪಾಗಿ ಉಳಿಯಬಹುದು. ಬಾವಿಕಟ್ಟೆಯ ಕಲ್ಲಿಗೆ ಉಜ್ಜಿ ಹಗ್ಗ ಸವೆಯುತ್ತದಲ್ಲಾ, ಹಾಗೆಯೇ ನಾಳ ಸವೆದು ತೂತಾಗಿತ್ತು. ಸೋರಿದ ರಕ್ತ ಸುತ್ತಲೂ ಚೀಲದಂತೆ ನಿಂತಿತ್ತು. ಕೀವೆಂದು ಕೊಯ್ದಿದ್ದರೆ ಗತಿಯೇನು, ನೀವೇ ಹೇಳಿ! ಶಸ್ತ್ರಚಿಕಿತ್ಸೆಯಲ್ಲಿ ಚೂಪು ಮೂಳೆಯನ್ನು ತೆಗೆದು, ಅವನ ಕಾಲಿನದೇ ರಕ್ತನಾಳದ ತುಂಡಿನಿಂದ ತೂತಿಗೆ ತೇಪೆ ಹಾಕಿದರು. ಕಾಲು ಉಳಿಯಿತು.

ಇದು ಅಪರೂಪದ ತೊಂದರೆ. ಗಂಟಿದ್ದ ಮಾತ್ರಕ್ಕೆ ನಿದ್ದೆಗೆಡಬೇಡಿ, ಮಕ್ಕಳ ಆಟವನ್ನೂ ನೀವಾಗಿ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಆದರೆ ಇಷ್ಟು ನೆನಪಿರಲಿ. ಮಂಡಿಯ ಹಿಂದೆ ಹೊಸದಾಗಿ ಬಾವು ಬಂದರೆ, ಅದು ಮಿಡಿದರೆ, ನಡೆಯುವಾಗ ಮೀನಖಂಡ ಹಿಡಿದುಕೊಂಡರೆ ಅಥವಾ ಊದಿಕೊಂಡರೆ ತಡಮಾಡದೆ ತೋರಿಸಿ. ಪಾದ ತಣ್ಣಗಾಗಿ ಬಿಳಿಚಿಕೊಂಡರೆ ಆ ಗಳಿಗೆಯೇ ಹೊರಡಿ. ಬೆಳೆಯುವ ವಯಸ್ಸು ದಾಟಿದ ಮೇಲೂ ಗಂಟು ದೊಡ್ಡದಾಗುತ್ತಿದ್ದರೆ ಅದನ್ನೂ ಪರೀಕ್ಷಿಸಿಸಬೇಕು; ಅಪರೂಪಕ್ಕೆ ಅದು ಕ್ಯಾನ್ಸರ್‌ಗೆ ತಿರುಗುವುದುಂಟು.

ಹೋದಾಗ, ‘ಇವನಿಗೆ ಮೂಳೆಯ ಗಂಟಿದೆ’ ಎಂದು ಮೊದಲೇ ಹೇಳಿ, ಹಳೆಯ ಎಕ್ಸ್‌ರೇ ಇದ್ದರೆ ಜೊತೆಗೆ ಒಯ್ಯಿರಿ. ವೈದ್ಯರಿಗೆ ದಾರಿ ಕಾಣಲು ಅದು ಬಹಳ ಸಹಾಯ.