ಬಬ್ಬೂರಿನಲ್ಲಿ ತಾಳ ತಪ್ಪಿದ ಮೋಟಾರು

ನಮ್ಮ ಮನೆತನದವರು ಬಬ್ಬೂರುಕಮ್ಮೆಯವರು. ಮದುವೆಯ ಮಾತುಕತೆಗಳಲ್ಲಿ ಗೋತ್ರದ ಬೆನ್ನಿಗೇ ಈ ಹೆಸರನ್ನು ಕೇಳುತ್ತ ಬೆಳೆದ ನಮ್ಮಕ್ಕ, ಎಂಬತ್ತನೆಯ ವಯಸ್ಸಿನಲ್ಲಿ ಒಂದು ದಿನ, "ಆ ಬಬ್ಬೂರು ಎಂಬುದು ನಿಜವಾಗಿಯೂ ಒಂದು ಊರೇನೋ, ಅಥವಾ ಬರಿಯ ಹೆಸರೋ?" ಎಂದು ಕೇಳಿಬಿಟ್ಟಳು. ಊರೇ ಹೌದು, ಹಿರಿಯೂರಿನ ಮಗ್ಗುಲಿಗಿದೆ, ಹೆಸರಿಗೆ ಆ ಊರೇ ಮೂಲವೆಂದು ಹಿರಿಯರು ಹೇಳುತ್ತಾರೆ ಎಂದೆ. "ಹಾಗಾದರೆ ಕರೆದುಕೊಂಡು ಹೋಗು. ಹಾಗೆಯೇ ಮಾರಿಕಣಿವೆಯನ್ನೂ ತೋರಿಸು" ಎಂದಳು.

ನಿವೃತ್ತಿಯ ಹಣದ ಬಹುಭಾಗವನ್ನು ಸುರಿದು ನಾನು ಹೊಸ ಪೆಟ್ರೋಲ್ ಕಾರೊಂದನ್ನು ಕೊಂಡು ಆಗ ಐದು ವಾರಗಳಾಗಿದ್ದವು. 2025ರ ಫೆಬ್ರವರಿಯ ಒಂದು ಮುಂಜಾನೆ ಬೆಂಗಳೂರು ಬಿಟ್ಟೆವು.

ಕಾರಿನ ವಿಷಯದಲ್ಲಿ ನನ್ನ ಮನಸ್ಸು ನೆಮ್ಮದಿಯಾಗಿರಲಿಲ್ಲವೆಂಬುದನ್ನು ವಾಚಕರಲ್ಲಿ ಮುಚ್ಚಿಡುವುದೇಕೆ? ನಿಂತಲ್ಲಿ ಎಂಜಿನ್ ಓಡುತ್ತಿರುವಾಗ ಕುಳಿತ ಪೀಠ ಸಣ್ಣಗೆ ನಡುಗುತ್ತಿತ್ತು. ಒಮ್ಮೊಮ್ಮೆ ಆ ನಡುಕದ ನಡುವೆ ಬಿಕ್ಕಳಿಕೆಯಂತೆ ಒಂದು ಜಗ್ಗು. ಮಾರಿದವರ ಬಳಿ ಎರಡು ಸಲ ಹೋಗಿ ಹೇಳಿದ್ದೆ. "ಮೂರು ಸಿಲಿಂಡರಿನ ಗಾಡಿಗಳೆಲ್ಲ ಹೀಗೆಯೇ ಸಾರ್, ಓಡಿದಂತೆ ಸರಿಹೋಗುತ್ತದೆ" ಎಂಬ ಒಂದೇ ಉತ್ತರ ಸಿಕ್ಕಿತ್ತು. ಸಾಲದೆಂಬಂತೆ ರೇಡಿಯೋ ಬೇರೆ ಚಟಪಟ ಸಿಡಿಯುತ್ತಿತ್ತು. ಇವೆರಡೂ ಒಂದೇ ರೋಗದ ಎರಡು ಲಕ್ಷಣಗಳೆಂದು ನಾನು ನಿಶ್ಚಯಿಸಿಕೊಂಡಿದ್ದೆ. ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮೇಲೂ ನನಗೆ ಗುಮಾನಿ ಇಲ್ಲದಿರಲಿಲ್ಲ.

ಶಿರಾ ದಾಟುತ್ತಲೂ ಬಯಲು ಬಿಚ್ಚಿಕೊಳ್ಳುತ್ತದೆ. ಕುರುಚಲು ಗುಡ್ಡಗಳು, ಅವುಗಳ ನೆತ್ತಿಯ ಮೇಲೆ ಸಾವಧಾನವಾಗಿ ತಿರುಗುವ ಗಾಳಿಯಂತ್ರಗಳು. ಮಳೆ ಕಡಮೆಯಾದ ಸೀಮೆ ಇದು. ಇಲ್ಲಿ ಹಸಿರು ಕಂಡರೆ ಅದರ ಹಿಂದೆ ವೇದಾವತಿಯೋ, ಕಾಲುವೆಯೋ, ಕೊಳವೆಬಾವಿಯೋ ಇದ್ದೇ ಇರಬೇಕು. ಹಿರಿಯೂರಿಗೆ ಬಂದು ತೇರುಮಲ್ಲೇಶ್ವರನಿಗೆ ಕೈಮುಗಿದು ಬಬ್ಬೂರಿನ ಹಾದಿ ಹಿಡಿದೆವು.

ಈಗ ಸುತ್ತಿನ ಜನಕ್ಕೆ ಬಬ್ಬೂರೆಂದರೆ ಮೊದಲು ನೆನಪಿಗೆ ಬರುವುದು ಫಾರಂ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರ ಅಲ್ಲಿದೆ. ನೀರು ಕಡಮೆಯಿರುವ ನಾಡಿಗೆ ಯಾವ ಬೆಳೆ ಒಗ್ಗೀತೆಂದು ನೋಡುವ ಕೆಲಸ. ಅಕ್ಕನಿಗೆ ಅದು ಬೇಕಿರಲಿಲ್ಲ. ಊರಿನೊಳಗೆ ಕಾರು ನಿಲ್ಲಿಸುತ್ತಲೇ ಇಳಿದು, ಒಂದು ಜಗಲಿಯ ಕಟ್ಟೆಯ ಮೇಲೆ ಯಾರ ಅಪ್ಪಣೆಗೂ ಕಾಯದೆ ಕುಳಿತಳು. ಆ ಮನೆಯ ಗೃಹಿಣಿ ನೀರು ತಂದು ಕೊಟ್ಟು, "ಯಾರ ಮನೆಗೆ ಬಂದಿರಮ್ಮಾ?" ಎಂದರು. "ಯಾರ ಮನೆಗೂ ಅಲ್ಲಮ್ಮ. ಎಂಬತ್ತು ವರ್ಷ ಈ ಊರಿನ ಹೆಸರು ಹೇಳಿಕೊಂಡಿದ್ದೇನೆ, ಒಂದು ಸಲ ನೋಡಿ ಹೋಗೋಣವೆಂದು" ಎಂದಳು ಅಕ್ಕ. ಅವರು ನಕ್ಕು, ಮಜ್ಜಿಗೆಯನ್ನೂ ತಂದರು. ನಮ್ಮ ಕುಲದ ಪೂರ್ವೇತಿಹಾಸದ ಶೋಧನೆ ಅಷ್ಟರಲ್ಲಿ ಮುಗಿಯಿತು. ಅಕ್ಕನಿಗೆ ಅಷ್ಟೇ ಸಾಕಾಗಿತ್ತು.

ಹೊರಡಲು ಎಂಜಿನ್ ಚಾಲೂ ಮಾಡಿದಾಗ ನಡುಕ ಇಮ್ಮಡಿಯಾಗಿತ್ತು. ಎದುರಿನ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪ ಮಿಟುಕತೊಡಗಿತು. ಮೆಲ್ಲನೆ ಹೆದ್ದಾರಿಯ ಕಡೆಗೆ ತಂದು, ಮೊದಲು ಕಂಡ ಮೆಕ್ಯಾನಿಕ್ಕನ ಶೆಡ್ಡಿನ ಮುಂದೆ ನಿಲ್ಲಿಸಿದೆ.

ಮೂವತ್ತರ ಆಸುಪಾಸಿನ ತರುಣ. ಬಾನೆಟ್ ತೆರೆಯುವ ಅವಸರವನ್ನೇ ತೋರಲಿಲ್ಲ. ಕಣ್ಣು ಮುಚ್ಚಿ, ಹಿಂದಿನ ಹೊಗೆ ಕೊಳವೆಯ ಬಳಿ ಅಂಗೈ ಹಿಡಿದು, ಒಂದು ನಿಮಿಷ ಆಲಿಸಿದ.

"ಮೂರು ಸಿಲಿಂಡರಿಗೆ ಇದರ ತಾಳವೇ ಬೇರೆ, ಸ್ವಾಮಿ. ಆದರೆ ತಾಳ ಬೇರೆಯಾಗುವುದು ಬೇರೆ, ತಾಳ ತಪ್ಪುವುದು ಬೇರೆ. ಇದು ತಪ್ಪುತ್ತಿದೆ" ಎಂದ.

ಅವನು ಹೇಳಿದುದನ್ನು ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳುತ್ತೇನೆ. ಪ್ರತಿಯೊಂದು ಸಿಲಿಂಡರಿನಲ್ಲಿ ಎಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಒಮ್ಮೆ ಪೆಟ್ರೋಲು ಹೊತ್ತಿ ಸಿಡಿಯುತ್ತದೆ. ನಿಂತ ಗಾಡಿಯ ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದರೆ, ನಾಲ್ಕು ಸಿಲಿಂಡರುಗಳಿದ್ದಾಗ ಸೆಕೆಂಡಿಗೆ 25 ಸಿಡಿತಗಳು. ಮೂರಿದ್ದಾಗ ಹತ್ತಿರ ಹತ್ತಿರ 19. ಪೆಟ್ಟುಗಳ ನಡುವಣ ಬಿಡುವು ಹೆಚ್ಚಾದಂತೆ ಮೈಗೆ ಅವು ಹೆಚ್ಚು ಗೊತ್ತಾಗುತ್ತವೆ. ಅಲ್ಲದೆ ಮೂರು ಕೊಂತಗಳು ಮೇಲೆ ಕೆಳಗೆ ಆಡುವಾಗ ಒಂದರ ಬಲವನ್ನು ಮತ್ತೆರಡು ಸರಿದೂಗಿಸಿದರೂ, ಎಂಜಿನ್ನಿನ ಒಂದು ತುದಿ ಏಳುವಾಗ ಇನ್ನೊಂದು ಇಳಿದು, ಏತದ ಮರದಂತೆ ತೂಗಾಡುತ್ತದೆ. ಕೆಳಗಿನ ರಬ್ಬರು ದಿಂಬುಗಳು ಇದನ್ನು ಬಹುಮಟ್ಟಿಗೆ ನುಂಗಿಕೊಳ್ಳುತ್ತವೆ. ಈ ನಡುಕ ಹುಟ್ಟುಗುಣ, ರೋಗವಲ್ಲ. ಮಾರಿದವರು ಹೇಳಿದುದರಲ್ಲಿ ಅರ್ಧ ನಿಜವಿತ್ತು. ಅರ್ಧ ನಿಜದ ಉತ್ತರ ಸಿಕ್ಕಿದವನು ಉಳಿದರ್ಧವನ್ನು ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ.

ಚುಕ್ಕಾಣಿಯ ಕೆಳಗಿನ ಹದಿನಾರು ಕಡ್ಡಿಗಳ ಸಾಕೆಟ್ಟಿಗೆ ಅವನು ಬೆಂಕಿಪೊಟ್ಟಣದಷ್ಟು ಉಪಕರಣವೊಂದನ್ನು ಚುಚ್ಚಿ, ತನ್ನ ಮೊಬೈಲಿನಲ್ಲಿ ಓದಿ, ಒಂದು ಚೀಟಿಯ ಮೇಲೆ ಬರೆದುಕೊಟ್ಟ: ಪಿ 0302. ಎರಡನೆಯ ಸಿಲಿಂಡರು ಆಗಾಗ ಹೊತ್ತುವುದಿಲ್ಲ ಎಂದು ಅರ್ಥ.

"ಪೆಟ್ರೋಲಿನ ದೋಷವೇ?" ಎಂದೆ.

"ಮೂವರೂ ಕುಡಿಯುವುದು ಒಂದೇ ಟ್ಯಾಂಕಿನದು. ಪೆಟ್ರೋಲು ಕೆಟ್ಟಿದ್ದರೆ ಒಬ್ಬನಿಗೆ ಮಾತ್ರ ವಾಂತಿಯಾಗುತ್ತದೆಯೇ, ಸ್ವಾಮಿ? ಕಾಯಿಲ್ಲೋ, ಪ್ಲಗ್ಗೋ, ಅದಕ್ಕೆ ಹೋಗುವ ವೈರೋ ಇರಬೇಕು. ನಾನು ಬಿಚ್ಚಿದರೆ ನಿಮ್ಮ ವಾರಂಟಿಗೆ ತಕರಾರು ಬಂದೀತು. ಬಿಚ್ಚುವುದಿಲ್ಲ."

ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಹೋಗಬಹುದು, ಮಿಟುಕುತ್ತಿದ್ದರೆ ಹೋಗಕೂಡದೆಂದ. ಹೊತ್ತದ ಪೆಟ್ರೋಲು ಹೊಗೆ ಕೊಳವೆಯನ್ನು ಸೇರಿ, ಅಲ್ಲಿ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಸುಟ್ಟುಹಾಕುತ್ತದೆ. ಕಾಯಿಲಿನ ಬೆಲೆಗಿಂತ ಅದರ ಬೆಲೆ ಎಷ್ಟೋ ಪಾಲು ಹೆಚ್ಚು. ಲಾರಿಯೊಂದನ್ನು ಹಿಂದೆ ಹಾಕುವ ಹೊತ್ತಿನಲ್ಲಿ ಎಂಜಿನ್ ಕುಂಟಿದರೆ ಬೆಲೆ ಕಟ್ಟುವ ಮಾತೇ ಇಲ್ಲ. ಹಿಂದಿನ ಪೀಠದಲ್ಲಿ ಕಣ್ಣುಮುಚ್ಚಿ ಕುಳಿತಿದ್ದ ಅಕ್ಕನ ಕಡೆ ನೋಡಿದೆ. ಐದು ವಾರದಲ್ಲಿ ಎಷ್ಟು ಲಾರಿಗಳನ್ನು ಹಿಂದೆ ಹಾಕಿದ್ದೆನೋ!

"ರೇಡಿಯೋ?" ಎಂದೆ ಕ್ಷೀಣಸ್ವರದಲ್ಲಿ.

ಚಿತ್ರದುರ್ಗ ಆಕಾಶವಾಣಿ ಹಾಕಿದ, ಚಟಪಟ ಶುರುವಾಯಿತು. ಮೊಬೈಲಿಗೆ ವಿದ್ಯುತ್ತು ತುಂಬಲು ನಾನು ಚುಚ್ಚಿದ್ದ ಚಾರ್ಜರನ್ನು ಕಿತ್ತ, ಸದ್ದು ನಿಂತಿತು. ಮತ್ತೆ ಚುಚ್ಚಿದ, ಸಿಡಿಯಿತು. ಬೆಂಗಳೂರಿನ ರಸ್ತೆದೀಪದ ಬಳಿ ನೂರು ರೂಪಾಯಿಗೆ ಕೊಂಡ ಚಾರ್ಜರು ಅದು. ಅಗ್ಗದ ಇಂಥವುಗಳೊಳಗಿನ ವಿದ್ಯುತ್ತಿನ ತಾಕಲಾಟ ರೇಡಿಯೋದ ಕಿವಿಗೆ ಬೀಳುತ್ತದಂತೆ. ಎಂಜಿನ್ನಿಗೂ ಇದಕ್ಕೂ ಸುತರಾಂ ಸಂಬಂಧವಿರಲಿಲ್ಲ. ದಾರಿ ಹೇಳುವ ಮೊಬೈಲಿನ ಹೆಣ್ಣುದನಿ ಬಂದಾಗಲೆಲ್ಲ ಹಾಡು ಅರೆಕ್ಷಣ ತೊದಲುವುದಕ್ಕೆ ಮಾತ್ರ, "ಅದು ಸಾಫ್ಟ್‌ವೇರು, ಶೋರೂಮಿನವರನ್ನು ಕೇಳಿ" ಎಂದು ಕೈತೊಳೆದುಕೊಂಡ. ಎಷ್ಟು ಕೊಡಲೆಂದರೆ, "ಕೇಳಿದ್ದಕ್ಕೆಲ್ಲ ಕಾಸೇ?" ಎಂದ. ಬಲವಂತದಿಂದ ಇನ್ನೂರು ರೂಪಾಯಿ ಅವನ ಜೇಬಿಗೆ ತುರುಕಿದೆ.

ಕಂಪನಿಗೆ ಫೋನು ಮಾಡಿ ಕಾರನ್ನು ಒಯ್ಯುವ ಲಾರಿಗೆ ಹೇಳಿದೆ. ಸಂಜೆಗೆ ಮುಂಚೆ ಬರಲಾರದೆಂದರು.

"ಹಾಗಾದರೆ ಮಾರಿಕಣಿವೆ ಇಲ್ಲವೇನೋ?" ಎಂದಳು ಅಕ್ಕ. ಆಕೆ ಕೇಳಿದ ರೀತಿ ನನ್ನನ್ನು ಇರಿಯಿತು. ಕೀಲಿಯನ್ನು ಆ ತರುಣನ ಕೈಗೆ ಕೊಟ್ಟು, ಇಬ್ಬರೂ ಬಸ್ಸು ಹತ್ತಿದೆವು.

ಹಿರಿಯೂರಿನಿಂದ ಸುಮಾರು 20 ಕಿಲೋಮೀಟರು. 1898ರಲ್ಲಿ ಕೆಲಸ ಹಿಡಿದು 1907ರಲ್ಲಿ ಮುಗಿಸಿದ ಅಣೆಕಟ್ಟು. ಮೈಸೂರಿನ ರೀಜೆಂಟ್ ಮಹಾರಾಣಿಯವರ ಹೆಸರಿನಲ್ಲಿ ವಾಣಿವಿಲಾಸ ಸಾಗರ. ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ ವೇದಾವತಿಗೆ ಅಡ್ಡಲಾಗಿ ಕಲ್ಲಿನ ಗೋಡೆ. ಹಿಂದೆ, ಬೆಟ್ಟಗಳು ಕೈಚಾಚಿದಷ್ಟೂ ದೂರ ನೀರು. 130 ಅಡಿ ತುಂಬಿದರೆ ಕೋಡಿ. 1933ರಲ್ಲಿ ಹರಿದ ಕೋಡಿ ಮತ್ತೆ ಹರಿದುದು 2022ರಲ್ಲಿ, 89 ವರ್ಷಗಳ ಬಳಿಕ. ಅನಂತರ 2025ರ ಜನವರಿಯಲ್ಲಿ. ಅಕ್ಕ ಹುಟ್ಟಿದ ಮೇಲೆ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಒಮ್ಮೆಯೂ ತುಂಬದಿದ್ದ ಜಲಾಶಯ! ಆಕೆ ಕಂಬಿಯನ್ನು ಹಿಡಿದು ಬಹಳ ಹೊತ್ತು ನೋಡಿದಳು. "ಬಸ್ಸಿನಲ್ಲಿ ಬಂದದ್ದೇ ಒಳ್ಳೆಯದಾಯಿತು. ಕಾರಿನಲ್ಲಾಗಿದ್ದರೆ ನೀನು ಅದರ ಸದ್ದನ್ನೇ ಕೇಳುತ್ತ ನಿಂತಿರುತ್ತಿದ್ದೆ" ಎಂದಳು.

ವಾರ ಕಳೆದು ಕಾರು ಮನೆಗೆ ಬಂತು. ಚೀಟಿ ತೋರಿಸಿದ ಮೇಲೆ ಮೂರನೆಯ ಸಲ "ಹೀಗೆಯೇ" ಎನ್ನುವವರಿರಲಿಲ್ಲ. ಎರಡನೆಯ ಸಿಲಿಂಡರಿನ ಕಾಯಿಲನ್ನು ವಾರಂಟಿಯಲ್ಲೇ ಬದಲಾಯಿಸಿದ್ದರು. ಬಿಕ್ಕಳಿಕೆ ಹೋಯಿತು. ನಡುಕ ಈಗಲೂ ಇದೆ. ಹಾಡು ಕೂಡ ದಾರಿ ಹೇಳುವವಳ ಎದುರು ಇನ್ನೂ ತೊದಲುತ್ತದೆ.