ಆಕಾಶಕ್ಕೆ ಬೀಗ ಬಿದ್ದ ರಾತ್ರಿ

ದೋಹಾದ ಹಮದ್ ವಿಮಾನ ನಿಲ್ದಾಣದ ನಡುವೆ ಒಂದು ದೊಡ್ಡ ಹಳದಿ ಕರಡಿ ಕೂತಿದೆ. ಎತ್ತರ ಸುಮಾರು 7 ಮೀಟರ್, ತಲೆಯ ಹಿಂದೆ ಒಂದು ಮೇಜುದೀಪ! ಲಂಡನ್ನಿನ ಮಗಳ ಮನೆಯಿಂದ ಬೆಂಗಳೂರಿಗೆ ಮರಳುವಾಗ ಅಲ್ಲಿ ನಾವು ವಿಮಾನ ಬದಲಿಸಬೇಕಿತ್ತು. ಮೊಮ್ಮಗನಿಗೆ ಕಳಿಸಲೆಂದು ಕರಡಿಯ ಮುಂದೆ ನನ್ನಾಕೆಯನ್ನು ನಿಲ್ಲಿಸಿ ಫೋಟೊ ತೆಗೆದೆ. ಅದು 2025ರ ಜೂನ್ 23ರ ಸಂಜೆ.

ಸ್ವಲ್ಪ ಹೊತ್ತಿನಲ್ಲೇ ಫಲಕದ ಮೇಲೆ ವಿಮಾನಗಳ ವೇಳೆ ಒಂದೊಂದಾಗಿ ಅಳಿಸಿಹೋಯಿತು. ಕತಾರ್ ತನ್ನ ಆಕಾಶವನ್ನೇ ಮುಚ್ಚಿತ್ತು. ಹಿಂದಿನ ದಿನ ಅಮೆರಿಕ ಇರಾನಿನ ಅಣುಕೇಂದ್ರಗಳ ಮೇಲೆ ಬಾಂಬ್ ಹಾಕಿತ್ತು. ಅದಕ್ಕೆ ಪ್ರತಿಯಾಗಿ ಇರಾನ್, ದೋಹಾ ಹತ್ತಿರದ ಅಲ್ ಉದೈದ್‌ನಲ್ಲಿರುವ ಅಮೆರಿಕದ ವಾಯುನೆಲೆಯತ್ತ ಕ್ಷಿಪಣಿ ಹಾರಿಸಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ.

ನನ್ನಾಕೆ ಯುದ್ಧದ ಬಗ್ಗೆ ಕೇಳಲಿಲ್ಲ. “ನನ್ನ ಬಿಪಿ ಮಾತ್ರೆ ಎಲ್ಲಿಟ್ಟಿದ್ದೀರಿ?” ಎಂದಳು. ದೊಡ್ಡ ಸೂಟ್‌ಕೇಸಿನಲ್ಲಿ! ಅದೋ ವಿಮಾನದವರ ವಶದಲ್ಲಿತ್ತು. ಹಾಗೆ ಜೋಡಿಸಿದವನು ನಾನೇ. ಕೈಚೀಲದಲ್ಲಿ ಸಿಕ್ಕಿದ್ದು ಒಂದೇ ಮಾತ್ರೆ. ಆ ರಾತ್ರಿಗೆ ಅದು ಮುಗಿಯಿತು.

ಮಧ್ಯರಾತ್ರಿ ದಾಟಿದ ಮೇಲೆ ಆಕಾಶ ತೆರೆಯಿತೆಂಬ ಸುದ್ದಿ ಬಂತು. ಸುತ್ತ ಕೂತವರು ಚಪ್ಪಾಳೆ ತಟ್ಟಿದರು. ನಾನೂ ಬೂಟು ಹಾಕಿಕೊಂಡು ಎದ್ದೆ. ಎದ್ದು ಹೋಗುವುದೆಲ್ಲಿಗೆ? ಬೆಳಗಿನ ಜಾವ ಮೊಮ್ಮಗನ ಫೋನು: “ತಾತ, ಆಕಾಶ ತೆರೆದಿದೆ ಅಂತ ಟೀವಿಯಲ್ಲಿ ಬಂತು. ನೀವ್ಯಾಕೆ ಇನ್ನೂ ಅಲ್ಲೇ ಇದ್ದೀರಿ?”

ಮಕ್ಕಳೇ, ಆಕಾಶ ತೆರೆದರೂ ಹಾರಲು ವಿಮಾನ ಬೇಕಲ್ಲ! ದೋಹಾಕ್ಕೆ ಬರುತ್ತಿದ್ದ 90ಕ್ಕೂ ಹೆಚ್ಚು ವಿಮಾನಗಳು ಸೌದಿ, ಟರ್ಕಿ, ಒಮಾನ್ ಎಂದು ಸಿಕ್ಕಲ್ಲಿ ಇಳಿದಿದ್ದವು. ಕೆಲವು ನಮ್ಮ ಭಾರತದಲ್ಲೇ. ಪೈಲಟ್‌ಗಳೂ ಅಲ್ಲೇ ಉಳಿದರು. ಇಂತಿಷ್ಟು ಗಂಟೆ ದುಡಿದ ಮೇಲೆ ವಿಶ್ರಾಂತಿ ಪಡೆಯದೆ ಅವರು ಮತ್ತೆ ವಿಮಾನ ಹಾರಿಸುವಂತಿಲ್ಲ. ವಿದೇಶಿ ಕಂಪನಿಗಳ ಲೆಕ್ಕವೇ ಬೇರೆ. ಕತಾರ್ “ಬನ್ನಿ” ಎಂದ ಮಾತ್ರಕ್ಕೆ ಅವು ಬರುವುದಿಲ್ಲ. ತಮ್ಮ ದೇಶದ ಅಧಿಕಾರಿಗಳು ಏನನ್ನುತ್ತಾರೆ, ವಿಮೆಯವರು ಏನನ್ನುತ್ತಾರೆ, ಅಕ್ಕಪಕ್ಕದ ಆಕಾಶ ಹೇಗಿದೆ ಎಂದೆಲ್ಲ ನೋಡಬೇಕು. ಏರ್ ಇಂಡಿಯಾ ಆ ರಾತ್ರಿ ಕೊಲ್ಲಿ ದೇಶಗಳಿಗಷ್ಟೇ ಅಲ್ಲ, ಯುರೋಪಿಗೂ ಅಮೆರಿಕದ ಪೂರ್ವ ಕರಾವಳಿಗೂ ಹಾರಾಟ ನಿಲ್ಲಿಸಿತ್ತು. ಮರುದಿನದಿಂದ ಒಂದೊಂದಾಗಿ ಶುರುಮಾಡಿತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗಲೂ ಹೀಗೇ. ಮುಷ್ಕರ ಮುಗಿದ ಮರುದಿನ ಬಾಗಿಲೇನೋ ಸರಿಯಾದ ಹೊತ್ತಿಗೇ ತೆರೆಯುತ್ತಿತ್ತು, ಗುಡ್ಡೆ ಬಿದ್ದ ಚೆಕ್ಕುಗಳು ಕರಗಲು ಇನ್ನೂ ಎರಡು ದಿನ. ಫೋನಿನಲ್ಲಿ ಇದನ್ನೇ ಹೇಳಿದೆ. “ಚೆಕ್ಕು ಅಂದರೆ?” ಎಂದ.

ಬೆಳಗಾದ ಮೇಲೆ ನಿಲ್ದಾಣದೊಳಗಿನ ಔಷಧದಂಗಡಿ ಹುಡುಕಿ ಹೋದೆವು. ನಮ್ಮ ಮಾತು ಕೇಳಿ ಅಲ್ಲಿದ್ದ ಹುಡುಗ, “ಎಂತ ಬೇಕಿತ್ತು ಅಜ್ಜ?” ಎಂದ. ಉಡುಪಿ ಕಡೆಯವನು! ನಮ್ಮ ಹೆಸರಿನ ಮಾತ್ರೆ ಅಲ್ಲಿರಲಿಲ್ಲ. ಮಗ ವಾಟ್ಸಾಪಿನಲ್ಲಿ ಕಳಿಸಿದ ಡಾಕ್ಟರ ಚೀಟಿ ನೋಡಿ, ಒಳಗಿನ ಔಷಧದ ಹೆಸರು ಹೋಲಿಸಿ, ಅಷ್ಟೇ ಮಿಲಿಗ್ರಾಂನದ್ದು ಕೊಟ್ಟ. ನನ್ನಾಕೆ ಅವನ ತಲೆ ಸವರಿದಳು.

ನಮ್ಮ ವಿಮಾನ ಹೊರಟಿದ್ದು 25ರ ಬೆಳಗಿನ ಜಾವ. ಸೂಟ್‌ಕೇಸ್ ಮನೆಗೆ ಬಂದದ್ದು ಮತ್ತೆ ಮೂರು ದಿನ ಬಿಟ್ಟು. ನನ್ನಾಕೆ ಮೊದಲು ಮಾತ್ರೆ ಡಬ್ಬಿ ತೆಗೆದು, ತನ್ನ ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು. ನನ್ನತ್ತ ನೋಡಲೂ ಇಲ್ಲ.